ಸೊಂಟ ನೋವು ಅಂದರೆ ಎಲ್ಲಿ ನೋವು? ಬೆರಳಿಟ್ಟು ಗುರುತಿಸುವುದು ಹೀಗೆ

ನಾನು ಬದಿಯಡ್ಕದ ಕಡೆಯವನು, ಕೇರಳದ ಗಡಿಯ ಕಾಸರಗೋಡು ಜಿಲ್ಲೆ. ಫಿಸಿಯೋಥೆರಪಿ ನನ್ನ ಕೆಲಸ. ದಿನಾ ಬರುವವರಲ್ಲಿ ಹೆಚ್ಚಿನವರು "ಸೊಂಟ ನೋವು" ಅಂತಲೇ ಶುರು ಮಾಡುತ್ತಾರೆ. ಎಲ್ಲಿ ಅಂತ ತೋರಿಸಿ ಅಂದರೆ ಒಬ್ಬರ ಕೈ ಬೆನ್ನಿನ ಕೆಳಗೆ ಹೋಗುತ್ತದೆ, ಇನ್ನೊಬ್ಬರದ್ದು ಪಕ್ಕದ ಎಲುಬಿಗೆ, ಮತ್ತೊಬ್ಬರು ನಾಚಿಕೊಂಡು ಕೂರುವ ಜಾಗದ ಹತ್ತಿರ ಎಲ್ಲೋ ಗಾಳಿಯಲ್ಲಿ ಕೈ ಆಡಿಸುತ್ತಾರೆ. ಪದ ಒಂದೇ, ಜಾಗ ನಾಲ್ಕು.

ಇದನ್ನು ಬರೆಯಲು ಕಾರಣ ನನ್ನದೇ ಒಂದು ತಪ್ಪು. ನಾಲ್ಕು ವರ್ಷದ ಹಿಂದೆ ಆಟಿ ತಿಂಗಳಲ್ಲಿ ನಮ್ಮ ದೊಡ್ಡಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವ ಕ್ರಮ ಇದೆ ಅಲ್ವಾ, ಆ ವರ್ಷ ಹಾಸಿರಲಿಲ್ಲ. ಫೋನ್ ಮಾಡಿ "ಸೊಂಟ ಉಳುಕಿದೆ ಮಾರಾಯ, ನಡೆಯಲಿಕ್ಕೆ ಆಗ್ತದೆ, ಸ್ವಲ್ಪ ಕುಂಟು ಅಷ್ಟೆ" ಅಂದರು. ನಾನು ನೋಡದೆಯೇ ಆಸ್ಪತ್ರೆಯವರಿಗೆ ಸೊಂಟ ನೋವು, ಬೆನ್ನಿನ ಕೆಳಗೆ ಅಂತ ಹೇಳಿಬಿಟ್ಟೆ. ಅವರು ಎಲ್‌ಎಸ್ ಸ್ಪೈನ್, ಅಂದರೆ ಬೆನ್ನೆಲುಬಿನ ಕೆಳಭಾಗದ ಎಕ್ಸ್‌ರೇ ಬರೆದರು, ತೆಗೆದರು, ಎಲ್ಲ ಸರಿ ಇದೆ ಅಂತ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನ ಬಿಟ್ಟು ಮನೆಗೆ ಹೋಗಿ ನೋಡುತ್ತೇನೆ, ದೊಡ್ಡಮ್ಮ ಕೈ ಇಟ್ಟದ್ದು ತೊಡೆಸಂದಿಗೆ! ಬೆನ್ನಿನಲ್ಲಿ ನೋವೇ ಇಲ್ಲ. ಈ ಸಲ ಪೆಲ್ವಿಸ್ ವಿತ್ ಬೋತ್ ಹಿಪ್ಸ್, ಅಂದರೆ ಸೊಂಟದ ಮೂಳೆಗಳು ಮತ್ತು ಎರಡೂ ತೊಡೆಬುಡ ಕಾಣುವ ಇನ್ನೊಂದು ಎಕ್ಸ್‌ರೇ ತೆಗೆಸಿದೆವು. ತೊಡೆಮೂಳೆಯ ಕುತ್ತಿಗೆ ಬಿರುಕು ಬಿಟ್ಟು ಒಂದರೊಳಗೊಂದು ಕಚ್ಚಿಕೊಂಡಿತ್ತು. ಹಾಗೆ ಕಚ್ಚಿಕೊಂಡಿದ್ದರೆ ಕೆಲವರಿಗೆ ನಡೆಯಲೂ ಆಗುತ್ತದೆ, ಅದೇ ಮೋಸ. ಮೊದಲ ಎಕ್ಸ್‌ರೇ ತಪ್ಪು ತೆಗೆದದ್ದಲ್ಲ, ನಾನು ಹೇಳಿದ ಜಾಗ ತಪ್ಪು.

ಅಲ್ಲಿಂದ ನಾನು ಯಾರ ಬಾಯಿಂದ ಯಾವ ಪದ ಬಂದರೂ ನಂಬುವುದು ಬಿಟ್ಟೆ. ಒಂದು ಬೆರಳಿಟ್ಟು ತೋರಿಸಿ ಅನ್ನುತ್ತೇನೆ. ಅಂಗೈ ಅಲ್ಲ, ಒಂದೇ ಬೆರಳು.

ಮೊದಲು ನಿಮ್ಮ ಮೈಯಲ್ಲೇ ಹುಡುಕಿ

ಓದುತ್ತಾ ಓದುತ್ತಾ ಎದ್ದು ನಿಲ್ಲಿ. ಎರಡೂ ಕೈ ಸೊಂಟದ ಮೇಲೆ ಇಡಿ, ಜಗಳಕ್ಕೆ ನಿಂತವರ ಹಾಗೆ. ಅಂಗೈ ಕೆಳಗೆ ಗಟ್ಟಿಯಾದ ಒಂದು ಅಂಚು ಸಿಗುತ್ತದೆ. ಮುಂಡು ಜಾರದಂತೆ ತಡೆಯುವುದು, ಲಂಗದ ಲಾಡಿ ಕೂರುವುದು, ಮಗುವನ್ನು ಎತ್ತಿಕೊಂಡಾಗ ಅದು ಕಾಲು ಹಾಕಿ ಕೂರುವುದು ಎಲ್ಲ ಇದರ ಆಸರೆಯಲ್ಲಿ. ಇದು ಇಲಿಯಂ ಅನ್ನುವ ಮೂಳೆಯ ಮೇಲಂಚು, ಡಾಕ್ಟರರ ಭಾಷೆಯಲ್ಲಿ ಇಲಿಯಾಕ್ ಕ್ರೆಸ್ಟ್. ಎರಡೂ ಕಡೆಯ ಅಂಚಿನ ತುದಿಯಿಂದ ಹಿಂದಕ್ಕೆ ಒಂದು ಗೆರೆ ಎಳೆದರೆ ಅದು ಬೆನ್ನೆಲುಬಿನ ಕೆಳಭಾಗದ ನಾಲ್ಕನೆಯ ಮಣಿಯ ಹತ್ತಿರ ಹಾದುಹೋಗುತ್ತದೆ. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಚುಚ್ಚುವ ಮೊದಲು ಅರಿವಳಿಕೆಯ ಡಾಕ್ಟರು ಸೊಂಟದ ಎರಡೂ ಪಕ್ಕ ಮುಟ್ಟಿ ನೋಡುವುದು ಇದಕ್ಕೇ.

ಈಗ ಆ ಅಂಚಿನ ಮೇಲೆ ಬೆರಳು ಜಾರಿಸುತ್ತಾ ಮುಂದಕ್ಕೆ ಬನ್ನಿ. ಒಂದು ಮೊನೆ ಸಿಗುತ್ತದೆ. ತೆಳ್ಳಗಿನವರಲ್ಲಿ ಕಣ್ಣಿಗೇ ಕಾಣುತ್ತದೆ. ಅದೇ ಅಂಚಿನಲ್ಲಿ ಹಿಂದಕ್ಕೆ ಹೋದರೆ ಬೆನ್ನಿನ ಬುಡದಲ್ಲಿ, ನಡುಗೆರೆಯಿಂದ ಸ್ವಲ್ಪ ಆಚೀಚೆ, ಎರಡು ಸಣ್ಣ ಗುಳಿಗಳು. ಆ ಗುಳಿಗಳ ಆಸುಪಾಸಿನಲ್ಲೇ ಬೆನ್ನೆಲುಬಿನ ಬುಡಕ್ಕೂ ಇಲಿಯಂಗೂ ನಡುವಿನ ಸೇಕ್ರೋಇಲಿಯಾಕ್ ಕೀಲು ಇರುವುದು.

ಇನ್ನು ಪಕ್ಕ. ಕೈಯನ್ನು ಅಂಚಿನಿಂದ ಒಂದು ಗೇಣಿನಷ್ಟು ಕೆಳಗೆ ಇಳಿಸಿ, ತೊಡೆಯ ಹೊರಬದಿಗೆ. ಪಾದವನ್ನು ಒಳಗೆ ಹೊರಗೆ ತಿರುಗಿಸಿದರೆ ಕೈ ಕೆಳಗೆ ಒಂದು ದಪ್ಪ ಗಂಟು ಉರುಳಿದಂತೆ ಆಗುತ್ತದೆ. ಚಾಪೆಯಲ್ಲಿ ಪಕ್ಕಕ್ಕೆ ಮಲಗಿದಾಗ ನೆಲಕ್ಕೆ ಒತ್ತುವ ಗಂಟು ಇದೇ. ಹೆಸರು ಟ್ರೊಕ್ಯಾಂಟರ್. ತಮಾಷೆ ಅಂದರೆ, "ಹಿಪ್ ಎಲ್ಲಿ" ಅಂತ ಕೇಳಿದರೆ ಜಾಸ್ತಿ ಜನ ಇದನ್ನೇ ತೋರಿಸುತ್ತಾರೆ, ಆದರೆ ಇದು ಸೊಂಟದ ಮೂಳೆ ಅಲ್ಲವೇ ಅಲ್ಲ. ತೊಡೆಮೂಳೆಯ ಮೇಲಿನ ಉಬ್ಬು. ಇಲ್ಲಿ ಮುಟ್ಟಿದರೆ ನೋವು, ಆ ಮಗ್ಗುಲಲ್ಲಿ ಮಲಗಿದರೆ ನೋವು ಅಂತಾದರೆ ಅನುಮಾನ ಹೋಗಬೇಕಾದ್ದು ಈ ಗಂಟಿಗೆ ಅಂಟಿಕೊಂಡ ಸ್ನಾಯು ಮತ್ತು ಪಸೆಚೀಲಗಳ ಮೇಲೆ, ಒಳಗಿನ ಕೀಲಿನ ಮೇಲೆ ಅಲ್ಲ.

ಹಾಗಾದರೆ ನಿಜವಾದ ಹಿಪ್ ಕೀಲು ಎಲ್ಲಿ? ಮುಂದೆ. ಕುಳಿತು ಮೊಣಕಾಲು ಎತ್ತಿದಾಗ ತೊಡೆ ಮಡಚಿಕೊಳ್ಳುವ ಗೆರೆ ಇದೆಯಲ್ಲ, ತೊಡೆಸಂದು, ಅದರ ನಡುಭಾಗದ ಹಿಂದೆ, ಆಳದಲ್ಲಿ. ಕೈಗೆ ಸಿಗುವುದಿಲ್ಲ. ನಮ್ಮ ಮನೆಗಳ ಕಡೆಯುವ ಕಲ್ಲನ್ನು ನೆನಪಿಸಿಕೊಳ್ಳಿ, ಗುಳಿಯೊಳಗೆ ಗುಂಡುಕಲ್ಲು ಕೂತು ಸುತ್ತುತ್ತದೆ. ತೊಡೆಮೂಳೆಯ ತಲೆ ಗುಂಡುಕಲ್ಲು, ಸೊಂಟದ ಮೂಳೆಯ ಗುಳಿ ಕಲ್ಲಿನ ಗುಳಿ. ಗುಂಡಿನ ಕೆಳಗೆ ಸಪೂರ ಭಾಗ ಒಂದು ಓರೆಯಾಗಿ ಇಳಿದು ತೊಡೆಮೂಳೆಗೆ ಸೇರುತ್ತದೆ. ಅದೇ ಕುತ್ತಿಗೆ, ವಯಸ್ಸಾದವರು ಬಿದ್ದಾಗ ಮುರಿಯುವ ಜಾಗಗಳಲ್ಲಿ ಒಂದು. ಕೀಲಿನ ನೋವು ಬರುವುದು ಸಾಮಾನ್ಯವಾಗಿ ತೊಡೆಸಂದಿನಲ್ಲಿ, ಕೆಲವೊಮ್ಮೆ ತೊಡೆಯ ಮುಂಭಾಗದಲ್ಲಿ, ಇನ್ನು ಕೆಲವೊಮ್ಮೆ ಸುಮ್ನೆ ಮೊಣಕಾಲಿನಲ್ಲಿ ಮಾತ್ರ. ಮೊಣಕಾಲಿನ ಎಕ್ಸ್‌ರೇ ಮೇಲೆ ಎಕ್ಸ್‌ರೇ ತೆಗೆಸಿ ಏನೂ ಸಿಗದೆ ಕೊನೆಗೆ ತೊಡೆಬುಡದಲ್ಲಿ ಕಾಯಿಲೆ ಸಿಕ್ಕ ಉದಾಹರಣೆ ನನ್ನ ಹತ್ತಿರವೇ ಇದೆ. ಇನ್ನು ಕೆಲವರು ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಪಕ್ಕವನ್ನು ಇಕ್ಕಳದಂತೆ ಹಿಡಿದು "ಇದರ ಒಳಗೆ" ಅನ್ನುತ್ತಾರೆ. ಅವರಿಗೆ ಗೊತ್ತಿಲ್ಲದೆಯೇ ಸರಿಯಾದ ಜಾಗ ಹೇಳುತ್ತಿರುತ್ತಾರೆ.

ಕೊನೆಯದು ಕೂರುವ ಮೂಳೆ. ಗಟ್ಟಿ ಬೆಂಚಿನ ಮೇಲೆ ಅಂಗೈ ಮೇಲ್ಮುಖ ಮಾಡಿ ಇಟ್ಟು ಅದರ ಮೇಲೆ ಕೂತರೆ ಎರಡು ಗುಬಟುಗಳು ಚುಚ್ಚುತ್ತವೆ. ಇದು ಇಸ್ಕಿಯಂ. ಮಣೆ ಮೇಲೆ ಕೂತು ದಿನಪೂರ್ತಿ ಅಡಿಕೆ ಸುಲಿಯುವವರಿಗೆ ಇದರ ಪರಿಚಯ ನನಗಿಂತ ಚೆನ್ನಾಗಿ ಇರುತ್ತದೆ. ಮುಂದೆ ಕಿಬ್ಬೊಟ್ಟೆಯ ತೀರಾ ಕೆಳಗೆ, ನಡುವಲ್ಲಿ ಸಿಗುವುದು ಪ್ಯೂಬಿಸ್. ಇಲಿಯಂ, ಇಸ್ಕಿಯಂ, ಪ್ಯೂಬಿಸ್ ಈ ಮೂರೂ ಹುಟ್ಟುವಾಗ ಬೇರೆಬೇರೆ. ಹದಿಹರೆಯದಲ್ಲಿ, ಸುಮಾರು 14ರಿಂದ 16 ವಯಸ್ಸಿನ ಹೊತ್ತಿಗೆ, ಆ ಗುಳಿಯ ಜಾಗದಲ್ಲೇ ಬೆಸೆದು ಒಂದಾಗುತ್ತವೆ. ಹೀಗೆ ಒಂದಾದದ್ದು ಹಿಪ್ ಬೋನ್. ಎಡಕ್ಕೊಂದು ಬಲಕ್ಕೊಂದು. ಈ ಎರಡು, ಹಿಂದಿನಿಂದ ಬೆನ್ನೆಲುಬಿನ ಬುಡದ ಸೇಕ್ರಂ, ಅದರ ಕೆಳಗೆ ಬಾಲದ ಮೂಳೆ, ಎಲ್ಲ ಸೇರಿ ಒಂದು ಸುತ್ತು. ಆ ಸುತ್ತು ಪೆಲ್ವಿಸ್. ತಳ ಕಿತ್ತುಹೋದ ಬೋಗುಣಿ ಅಂತ ಇಟ್ಟುಕೊಳ್ಳಿ, ಲ್ಯಾಟಿನ್‌ನಲ್ಲಿ ಆ ಪದದ ಅರ್ಥವೂ ಬೋಗುಣಿಯೇ. ತಳವನ್ನು ಮುಚ್ಚಿರುವುದು ಸ್ನಾಯುಗಳು. ಹೆರಿಗೆಯ ನಂತರ ವ್ಯಾಯಾಮ ಹೇಳಿಕೊಡುತ್ತೇವಲ್ಲ, ಅದು ಈ ತಳಕ್ಕೆ.

ಅಂದರೆ ಹಿಪ್ ಬೋನ್, ಹಿಪ್ ಜಾಯಿಂಟ್, ಹಿಪ್ ಫ್ರ್ಯಾಕ್ಚರ್ ಮೂರೂ ಬೇರೆ. ಹಿಪ್ ಫ್ರ್ಯಾಕ್ಚರ್ ಅಂದಾಗ ಮುರಿದಿರುವುದು ಹಿಪ್ ಬೋನ್ ಅಲ್ಲ, ತೊಡೆಮೂಳೆಯ ಮೇಲ್ತುದಿ. ಹಿಪ್ ಬೋನೇ ಮುರಿದರೆ ಅದಕ್ಕೆ ಪೆಲ್ವಿಕ್ ಫ್ರ್ಯಾಕ್ಚರ್ ಅನ್ನುತ್ತಾರೆ. ಈ ಒಂದು ಗೊಂದಲ ಮಾತ್ರ ಇಂಗ್ಲಿಷಿನವರದ್ದೇ, ನಮ್ಮ ತಪ್ಪಲ್ಲ.

ಗಡಿಯಲ್ಲಿ ಪದಗಳ ಕಲಸುಮೇಲೋಗರ

ನಮ್ಮ ಊರಲ್ಲಿ ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆ. ಮಂಜೇಶ್ವರ, ಉಪ್ಪಳದ ಕಡೆಯವರು ಆಸ್ಪತ್ರೆಗೆ ಮೊದಲಿನಿಂದಲೂ ಮಂಗಳೂರಿಗೆ ಹೋಗುತ್ತಿದ್ದವರು, ಅಲ್ಲಿ ತುಳುವೋ ಕನ್ನಡವೋ ಸಾಕಾಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ದಕ್ಷಿಣಕ್ಕೆ, ಮಲಯಾಳದ ಆಸ್ಪತ್ರೆಗಳ ಕಡೆ ಹೋಗಬೇಕಾಯಿತು. ಆಗ ನೋಡಿ ಎಷ್ಟೋ ಜನರಿಗೆ ಗೊತ್ತಾದದ್ದು, ತಮಗೆ ಬಸ್ಸಿನ ಮಲಯಾಳ ಬರುತ್ತದೆ, ಮೈಯ ಮಲಯಾಳ ಬರುವುದಿಲ್ಲ ಅಂತ.

ಅತಿ ದೊಡ್ಡ ಗುಂಡಿ "ನಡು" ಅನ್ನುವ ಪದ. ಕನ್ನಡದಲ್ಲಿ ನಡು ಅಂದರೆ ಸುತ್ತಳತೆಯ ಸೊಂಟ, ಪಟ್ಟಿ ಕಟ್ಟುವ ಜಾಗ. ಮಲಯಾಳದ "ನಡುವೇದನ" ಬೆನ್ನಿನ ಕೆಳಭಾಗದ ನೋವು. ಪದ ಕೇಳಿದ ತಕ್ಷಣ ಅರ್ಥ ಆಯಿತು ಅನ್ನಿಸುತ್ತದೆ, ಆದ್ದರಿಂದಲೇ ಕೇಡು. ನಮ್ಮ ಕಡೆಯ ಮಲಯಾಳದಲ್ಲಿ ಬೆನ್ನಿನ ಬುಡಕ್ಕೆ "ಊರ" ಅಂತಲೂ ಇದೆ, "ಊರವೇದನ" ಅಂದರೆ ಊರಿನ ಚಿಂತೆ ಅಲ್ಲ, ಸೊಂಟದ್ದೇ. ಪಟ್ಟಿ ಕಟ್ಟುವ ಜಾಗಕ್ಕೆ ಅವರಲ್ಲಿ "ಅರ", ಅದಕ್ಕೇ ಉಡಿದಾರ ಅರಞ್ಞಾಣಂ ಆಯಿತು. ನಾವು ನೇವಳ ಅನ್ನುತ್ತೇವೆ.

ಇನ್ನೊಂದು ಜೋಡಿ ಇದೆ, ಇದು ಇನ್ನೂ ಕೆಟ್ಟದ್ದು. "ಇಡುಪ್ಪ್" ಮತ್ತು "ಇಡುಕ್ಕ್". ಇಡುಪ್ಪ್ ಅಂದರೆ ಹಿಪ್. ಪತ್ರಿಕೆಯಲ್ಲಿ "ಇಡುಪ್ಪೆಲ್ಲ್ ಪೊಟ್ಟಿ" ಅಂತ ಓದಿದರೆ ಹಿಪ್ ಮುರಿದಿದೆ ಅಂತ. ಇಡುಕ್ಕ್ ಅಂದರೆ ಸಂದು, "ತುಡಯಿಡುಕ್ಕ್" ನಮ್ಮ ತೊಡೆಸಂದು. ನೆನಪಿಡಲು ಸುಲಭ ದಾರಿ ಇಡುಕ್ಕಿ ಜಿಲ್ಲೆ. ಎರಡು ಗುಡ್ಡದ ನಡುವಿನ ಇಕ್ಕಟ್ಟಾದ ಸಂದಿನಿಂದಲೇ ಆ ಊರಿಗೆ ಆ ಹೆಸರು. ಇನ್ನು ಕೀಲಿನ ನೋವು ಬರುವುದೇ ಸಂದಿನಲ್ಲಿ ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಇಡುಪ್ಪಿನ ಕಾಯಿಲೆ ಇರುವವರು ಇಡುಕ್ಕನ್ನು ತೋರಿಸುತ್ತಾರೆ! ಸಿಸ್ಟರ್ "ಎವಿಡೆಯಾ ವೇದನ", ಎಲ್ಲಿ ನೋವು ಅಂತ ಕೇಳಿದಾಗ ಬಾಯಿ ಮುಚ್ಚಿಕೊಂಡು ಬೆರಳಿಡಿ ಅಂತ ನಾನು ಅಂದದ್ದು ಸುಮ್ನೆ ಅಲ್ಲ.

ತುಳುವಿನಲ್ಲಿ ಸೊಂಟ ಸೊಂಟವೇ, ಸೊಂಟ ಬೇನೆ. ಹಿಂದಿನದ್ದು ಪೀಂಕನ್. ಆ ಪದವನ್ನು ಡಾಕ್ಟರರ ಮುಂದೆ ಯಾರೂ ಹೇಳುವುದಿಲ್ಲ. ಕನ್ನಡದ ಕುಂಡೆಯೂ ಅಷ್ಟೇ. ಮರ್ಯಾದೆಗೆ ಅದನ್ನೂ ಸೊಂಟಕ್ಕೇ ಸೇರಿಸಿಬಿಡುತ್ತಾರೆ. ನಮ್ಮ ನರ್ಸುಗಳೂ ಹಾಗೇ, "ಸೊಂಟಕ್ಕೆ ಇಂಜೆಕ್ಷನ್" ಅಂದರೆ ಚುಚ್ಚುವುದು ಕುಂಡೆಯ ಮೇಲ್ಭಾಗದ ಹೊರಬದಿಗೆ. ಅಲ್ಲೇ ಏಕೆ ಅಂದರೆ ಒಳಬದಿಯಲ್ಲಿ ಕೆಳಗೆ ಸಯಾಟಿಕ್ ನರ ಇದೆ, ಬೆರಳಿನಷ್ಟು ದಪ್ಪ, ಅದಕ್ಕೆ ಸೂಜಿ ತಾಗಬಾರದು.

ಕನ್ನಡದ ಪತ್ರಿಕೆಗಳಲ್ಲಿ ಹಿಪ್‌ಗೆ ಸೊಂಟ ಅಂತಲೇ ಬರೆಯುತ್ತಾರೆ, "ಸೊಂಟದ ಕೀಲು ಬದಲಾವಣೆ" ಅಂತ. ನನಗೆ ಅದು ಸರಿ ಕಾಣುವುದಿಲ್ಲ. ದಿನಬಳಕೆಯ ಕನ್ನಡದಲ್ಲಿ ಆ ಕೀಲಿಗೆ ಪ್ರತ್ಯೇಕ ಪದ ಇಲ್ಲ ಅನ್ನುವುದು ನಿಜ, ಆದರೆ "ತೊಡೆಬುಡದ ಕೀಲು" ಅಂದರೆ ಯಾವ ಅಜ್ಜಿಗೂ ಅರ್ಥ ಆಗುತ್ತದೆ. ನಾನು ಹಾಗೇ ಹೇಳುತ್ತೇನೆ. ಪೆಲ್ವಿಸ್‌ಗೆ ಶ್ರೋಣಿ ಅನ್ನುವುದನ್ನು ಪಠ್ಯಪುಸ್ತಕದ ಹೊರಗೆ ಯಾರ ಬಾಯಲ್ಲೂ ಕೇಳಿಲ್ಲ.

ದರ್ಜಿಯ ಹಿಪ್ ಇನ್ನೊಂದು ಲೆಕ್ಕ. ಅವರಿಗೆ ಹಿಪ್ ಅಂದರೆ ಕುಂಡೆಯ ಅತಿ ಅಗಲದ ಸುತ್ತಳತೆ, ವೇಸ್ಟ್ ಅಂದರೆ ಪಟ್ಟಿ ಕಟ್ಟುವ ಜಾಗ. ಶುಗರ್ ಕ್ಲಿನಿಕ್‌ನಲ್ಲಿ ಟೇಪ್ ಹಿಡಿದು ಹೊಟ್ಟೆ ಅಳೆಯುವಾಗ ಕೊನೆಯ ಪಕ್ಕೆಲುಬಿಗೂ ಇಲಿಯಂನ ಅಂಚಿಗೂ ಮಧ್ಯದಲ್ಲಿ ಹಿಡಿಯಬೇಕು, ಪ್ಯಾಂಟ್ ನಿಲ್ಲುವ ಜಾಗದಲ್ಲಿ ಅಲ್ಲ. ಈಗಿನ ಹುಡುಗರ ಪ್ಯಾಂಟ್ ನಿಲ್ಲುವ ಜಾಗದಲ್ಲಿ ಅಳೆದರೆ ಯಾರಿಗೂ ಹೊಟ್ಟೆಯೇ ಇರುವುದಿಲ್ಲ.

ಕಟಿಬಸ್ತಿಗೆ ಹೆದರಿದ ಮಾವ

ಆಯುರ್ವೇದದ ಪದಗಳು ನಮ್ಮಲ್ಲಿ ಜಾಸ್ತಿ ಓಡುತ್ತವೆ. ಕಟಿ ಅಂದರೆ ಸೊಂಟ, ಬೆನ್ನಿನ ಕೆಳಭಾಗ. ತ್ರಿಕ ಅಂದರೆ ಅದರ ಕೆಳಗೆ, ಸೇಕ್ರಂ ಇರುವ ಜಾಗ, ಕನ್ನಡ ಪುಸ್ತಕದ ತ್ರಿಕಾಸ್ಥಿ ಅಲ್ಲಿಂದಲೇ. ವಂಕ್ಷಣ ತೊಡೆಸಂದು. ಗೃಧ್ರಸಿ ನಾವು ಸಯಾಟಿಕಾ ಅನ್ನುವ ಕಾಲಿಗೆ ಇಳಿಯುವ ನೋವು. ಬಸ್ತಿ ಮಾತ್ರ ಒಂದೇ ಪದ ಎರಡು ಮೂರು ಕಡೆ ಕೆಲಸ ಮಾಡುತ್ತದೆ, ಮೂತ್ರಕೋಶವೂ ಬಸ್ತಿ, ಹಿಂದಿನಿಂದ ಕೊಡುವ ಎನಿಮಾದಂಥ ಚಿಕಿತ್ಸೆಯೂ ಬಸ್ತಿ. ನಮ್ಮ ಮಾವ ಒಬ್ಬರಿಗೆ ವೈದ್ಯರು ಕಟಿಬಸ್ತಿ ಬರೆದುಕೊಟ್ಟರೆ ಅವರು ಎರಡನೆಯದು ಅಂತ ತಿಳಿದು ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಕಟಿಬಸ್ತಿ ಅಂದರೆ ಬೋರಲು ಮಲಗಿಸಿ, ಬೆನ್ನಿನ ಕೆಳಗೆ ಉದ್ದಿನ ಹಿಟ್ಟಿನಲ್ಲಿ ಒಂದು ಕಟ್ಟೆ ಕಟ್ಟಿ, ಅದರೊಳಗೆ ಬಿಸಿ ತೈಲ ನಿಲ್ಲಿಸುವುದು, ಅಷ್ಟೇ. ಹೋಗಿ ಬಂದ ಮೇಲೆ ಅವರ ದೂರು ಬೇರೆ, ಅಷ್ಟು ಉದ್ದಿನಲ್ಲಿ ಎಷ್ಟು ವಡೆ ಆಗುತ್ತಿತ್ತು ಅಂತ.

ರಿಪೋರ್ಟ್ ಓದುವಾಗ ಕಾಲು ಜಾರುವ ಜಾಗಗಳು

ಇಲಿಯಂ. ಇದು ಕನ್ನಡದಲ್ಲಿ ಬರೆದರೆ ಒಂದೇ, ಇಂಗ್ಲಿಷಿನಲ್ಲಿ ಎರಡು. ನಡುವೆ ಐ ಅಕ್ಷರ ಇದ್ದರೆ ಸೊಂಟದ ಮೂಳೆ, ಹಿಪ್ ಪದದಲ್ಲೂ ಐ ಇದೆ ಅಂತ ನೆನಪಿಡಿ. ನಡುವೆ ಇ ಅಕ್ಷರ ಇದ್ದರೆ ಸಣ್ಣಕರುಳಿನ ಕೊನೆಯ ಭಾಗ, ಈಟಿಂಗ್‌ನ ಇ. ನರ್ಸಿಂಗ್ ಓದುವ ಮಕ್ಕಳು, ಅದರಲ್ಲೂ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ನೋಟ್ಸನ್ನು ಕನ್ನಡದಲ್ಲಿ ಬರೆದುಕೊಂಡು ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೆ. ಮೂಳೆಗೆ "ಇಲಿಯಂ ಮೂಳೆ", ಕರುಳಿಗೆ "ಇಲಿಯಂ ಕರುಳು" ಅಂತ ಬಾಲ ಸೇರಿಸಿಯೇ ಬರೆಯಿರಿ. ಇನ್ನೂ ಗೊಂದಲ ಬೇಕಾದರೆ ಸ್ಕ್ಯಾನ್ ಚೀಟಿಯಲ್ಲಿ ಆರ್‌ಐಎಫ್ ಪೇನ್ ಅಂತ ಬರುತ್ತದೆ, ರೈಟ್ ಇಲಿಯಾಕ್ ಫೋಸಾ. ಹೆಸರು ಬಂದದ್ದು ಮೂಳೆಯಿಂದ, ಆದರೆ ಹೇಳುತ್ತಿರುವುದು ಬಲಗಡೆ ಕಿಬ್ಬೊಟ್ಟೆಯ ನೋವು, ಅಪೆಂಡಿಕ್ಸ್ ಇರುವ ಜಾಗ, ಮತ್ತು ಇಲಿಯಂ ಕರುಳು ಬಂದು ಮುಗಿಯುವುದೂ ಅಲ್ಲೇ!

ಪೆಲ್ವಿಸ್. ಎಕ್ಸ್‌ರೇ ಚೀಟಿಯಲ್ಲಿ ಪೆಲ್ವಿಸ್ ಅಂದರೆ ಮೂಳೆ. ಅಲ್ಟ್ರಾಸೌಂಡ್ ಚೀಟಿಯಲ್ಲಿ ಅಬ್ಡಾಮೆನ್ ಅಂಡ್ ಪೆಲ್ವಿಸ್ ಅಂದರೆ ಬೋಗುಣಿಯ ಒಳಗಿನ ಸಾಮಾನು, ಮೂತ್ರಕೋಶ, ಗರ್ಭಕೋಶ, ಪ್ರಾಸ್ಟೇಟ್. ಮೂಳೆ ನೋಡಲು ಅದನ್ನು ಬರೆಯುವುದಲ್ಲ. ಅದೇ ರಿಪೋರ್ಟಿನಲ್ಲಿ ಮೇಲೆ ಎಲ್ಲೋ ರೀನಲ್ ಪೆಲ್ವಿಸ್ ಅಂತ ಇದ್ದರೆ ಅದು ಕಿಡ್ನಿಯೊಳಗೆ ಮೂತ್ರ ಸೇರುವ ಸಣ್ಣ ಬೋಗುಣಿ. "ಪೆಲ್ವಿಸ್‌ನಲ್ಲಿ ಕಲ್ಲು ಅಂತೆ, ಸೊಂಟ ಆಪರೇಷನ್ ಆಗಬೇಕಾ" ಅಂತ ಒಬ್ಬರು ಹೆದರಿ ಬಂದಿದ್ದರು. ಕಲ್ಲು ಇದ್ದದ್ದು ಕಿಡ್ನಿಯಲ್ಲಿ.

ಕಾಕ್ಸ ಮತ್ತು ಕಾಕ್ಸಿಕ್ಸ್. ಮೊದಲನೆಯದು ಹಿಪ್, ಎರಡನೆಯದು ಬಾಲದ ಮೂಳೆ. ಬಾಲದ ಮೂಳೆಯಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ತುಂಡು, ಕೆಲವರಲ್ಲಿ ಮೂರು ಅಥವಾ ಐದು. ಮೇಲಿನ ಸೇಕ್ರಂ ಐದು ಮಣಿ ಬೆಸೆದು ಆದದ್ದು. ಮೆಟ್ಟಿಲಲ್ಲಿ ಕೂತ ಹಾಗೆ ಬಿದ್ದರೆ ಏಟು ಬೀಳುವುದು ಬಾಲಕ್ಕೆ, ಪಕ್ಕಕ್ಕೆ ಬಿದ್ದರೆ ಟ್ರೊಕ್ಯಾಂಟರ್ ಕಡೆಗೆ. ಹೇಗೆ ಬಿದ್ದಿರಿ ಅಂತ ಕೇಳಿದರೇ ಅರ್ಧ ಗೊತ್ತಾಗುತ್ತದೆ.

ಪೆರಿನಿಯಂ, ಪೆರಿಟೋನಿಯಂ, ಪೆರೋನಿಯಲ್. ಈ ಮೂರಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಪೆರಿನಿಯಂ ಎರಡು ತೊಡೆಯ ನಡುವಿನ ತಳ, ಹೆರಿಗೆಯಲ್ಲಿ ಹೊಲಿಗೆ ಬೀಳುವ ಜಾಗ. ಪೆರಿಟೋನಿಯಂ ಹೊಟ್ಟೆಯ ಒಳಗಿನ ತೆಳು ಪೊರೆ. ಪೆರೋನಿಯಲ್ ನರ ಮೊಣಕಾಲಿನ ಹೊರಬದಿಯಲ್ಲಿ, ಅದಕ್ಕೆ ಪೆಟ್ಟಾದರೆ ಪಾದ ಎತ್ತಲು ಆಗುವುದಿಲ್ಲ. ಡಿಸ್ಚಾರ್ಜ್ ಚೀಟಿ ಓದುವಾಗ ಅಕ್ಷರ ಅಕ್ಷರ ನೋಡಿ, ಅಂದಾಜಿಗೆ ಓದಬೇಡಿ.

ಸಯಾಟಿಕಾ ಅನ್ನುವ ಹೆಸರಿನ ಮೂಲ ಇಸ್ಕಿಯಂ. ಆದರೆ ತೊಂದರೆಯ ಬೇರು ಸಾಧಾರಣವಾಗಿ ಬೆನ್ನೆಲುಬಿನಲ್ಲಿ, ಅಲ್ಲಿ ನರದ ಬುಡ ಒತ್ತಿಹೋಗಿರುತ್ತದೆ. ಕುಂಡೆಯಿಂದ ತೊಡೆಯ ಹಿಂದೆ, ಮೊಣಕಾಲು ದಾಟಿ ಪಾದದವರೆಗೆ ಗೆರೆ ಎಳೆದ ಹಾಗೆ ಇಳಿಯುವ ನೋವು ಅಂದರೆ ನರದ್ದು. ತೊಡೆಸಂದಿನಲ್ಲಿ ನೋವು, ಚಕ್ಕಳಮಕ್ಕಳ ಹಾಕಲು ಆಗುವುದಿಲ್ಲ, ಕಾಲುಂಗುರಕ್ಕೆ ಕೈ ಎಟುಕುವುದಿಲ್ಲ ಅಂದರೆ ಕೀಲನ್ನು ನೋಡಬೇಕು. ಇದು ಮೊದಲ ಅಂದಾಜು ಮಾತ್ರ, ಪರೀಕ್ಷೆ ಮಾಡಬೇಕಾದವರು ಡಾಕ್ಟರು. ಆದರೆ ವಯಸ್ಸಾದವರು ಬಿದ್ದ ಮೇಲೆ ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ ಎಣ್ಣೆ ತಿಕ್ಕಲು, ಎಳೆದು ಸರಿ ಮಾಡಲು ಹೋಗಬೇಡಿ. ನಿಲ್ಲಿಸಲೂ ಹೋಗಬೇಡಿ. ಮಲಗಿದಲ್ಲಿಂದಲೇ ಆಂಬ್ಯುಲೆನ್ಸಿಗೆ. ಕಾಲು ಸರಿಯಾಗಿಯೇ ಕಂಡರೂ, ನಡೆದರೂ, ತೊಡೆಸಂದು ನೋವು ಅಂದರೆ ನಮ್ಮ ದೊಡ್ಡಮ್ಮನನ್ನು ನೆನಪು ಮಾಡಿಕೊಳ್ಳಿ.

ಈಗ ನಾನು ಆಸ್ಪತ್ರೆಗೆ ಕಳಿಸುವಾಗ ಒಂದು ಚೀಟಿ ಬರೆದು ಕೈಗೆ ಕೊಡುತ್ತೇನೆ. ಸೊಂಟ ಅನ್ನುವ ಪದವೇ ಇರುವುದಿಲ್ಲ. ಮೊನ್ನೆ ಪೆರ್ಲದ ಅಜ್ಜರೊಬ್ಬರಿಗೆ ಬರೆದದ್ದು ಹೀಗಿತ್ತು: "ಬಲಗಡೆ. ತೊಡೆಸಂದು, ತುಡಯಿಡುಕ್ಕ್. ಬೆರಳಿಟ್ಟದ್ದು ಮುಂದೆ, ಹಿಂದೆ ಅಲ್ಲ. ಬೆನ್ನಿನಲ್ಲಿ ನೋವಿಲ್ಲ. ಮೊಣಕಾಲಿಗೆ ಸ್ವಲ್ಪ ಇಳಿಯುತ್ತದೆ. ಬಿದ್ದದ್ದು ಪಕ್ಕಕ್ಕೆ, ಮೂರು ದಿನ ಆಯಿತು. ಕೋಲು ಹಿಡಿದು ನಡೆಯುತ್ತಾರೆ." ಕೆಳಗೆ ಒಂದು ಗೊಂಬೆ ಬಿಡಿಸಿ ಆ ಜಾಗಕ್ಕೆ ಒಂದು ಗುಣಾಕಾರದ ಗುರುತು ಹಾಕಿದ್ದೆ. ಗೊಂಬೆ ನೋಡಿ ಅಜ್ಜ ಕೇಳಿದ್ದು ಇಷ್ಟೇ, "ಇದಕ್ಕೆ ಒಂದು ಮುಂಡು ಉಡಿಸಬಾರದಿತ್ತಾ?"